ಶ್ರಾವಣ ಮುಗಿಯುವ ತನಕ

ಆ ದಿನ ಬೆಳಿಗ್ಗೆ ತಿಕೋಟಾದ ಮೇಲೆ ಮುಗಿಲು ಕವಿದಿತ್ತು, ಹನಿ ಮಾತ್ರ ಇರಲಿಲ್ಲ. ಶ್ರಾವಣದ ಗಾಳಿ ಊರ ಅಗಸಿಬಾಗಿಲ ಕಡೆಯಿಂದ ಎದ್ದು, ಓಣಿಯ ಧೂಳನ್ನು ಎತ್ತಿ ಒಗೆದು, ಮಾಳಿಗೆಯ ಮೇಲೆ ಒಣಹಾಕಿದ ಸೀರೆಗಳನ್ನು ಹಗ್ಗದ ಸುತ್ತ ಸುತ್ತಿಬಿಟ್ಟಿತ್ತು. ಈ ಗಾಳಿಯ ಗುಣವೇ ಹಾಗೆ. ಮೋಡವನ್ನು ತಾನೇ ತರುತ್ತದೆ, ನೆಲ ಬಾಯಿ ತೆರೆಯುವುದರೊಳಗೆ ತಾನೇ ಹೊತ್ತುಕೊಂಡು ಹೋಗುತ್ತದೆ.

ಶೈಲಶ್ರೀ ಕಟ್ಟೆಯ ಮೇಲೆ ಕುಳಿತು, ಕೈಯಲ್ಲಿನ ಚಹಾ ಆರಿಹೋಗಲು ಬಿಟ್ಟು, ಫೋನಿನಲ್ಲಿ ಬಂದ ಒಂದೇ ಮಾತನ್ನು ಮತ್ತೆ ಮತ್ತೆ ಕೇಳುತ್ತಿದ್ದಳು. ದನಿ ಮಿಲಿಂದನದು.

"ಶೈಲಾ, ಆಟ ನಡೆಸೋರು ನಂಗ ಫೋನ್ ಮಾಡಿದ್ರು. ನೀ ಲ್ಯಾಗ್ ಸ್ವಿಚ್ ಹಾಕೀ ಅಂತ ಎದುರಿನವರು ದೂರು ಕೊಟ್ಟಾರ. ನಾ ಏನಂತ ಹೇಳ್ಲಿ ಹೇಳು. ಪುಣೆಕ್ಕ ಹೋಗೂ ಮೊದಲ ನಂಗ ಉತ್ತರ ಬೇಕು. ಇಲ್ಲಾಂದ್ರ ನಿನ್ನ ಜಾಗಾಕ್ಕ ಬ್ಯಾರೆಯವರನ್ನ ನೋಡಬೇಕಾಗ್ತದ."

ವಿಜಯಪುರದ ಸ್ಟೇಷನ್ ರಸ್ತೆಯಲ್ಲಿ ಮಿಲಿಂದನದೊಂದು ಗೇಮಿಂಗ್ ಅಂಗಡಿ. ಸಾಲಾಗಿ ಕಂಪ್ಯೂಟರು, ಬಣ್ಣಬಣ್ಣದ ದೀಪ, ಹೊತ್ತಿನ ಲೆಕ್ಕಕ್ಕೆ ಬಾಡಿಗೆ. ನಾಲ್ಕು ಜನ ಕೂಡಿ ಆಡುವ ಬಂದೂಕಿನ ಆಟದಲ್ಲಿ ಅವನು ತಂಡದ ನಾಯಕ. ಶ್ರಾವಣದ ಕೊನೆಗೆ ಪುಣೆಯಲ್ಲಿ ತಂಡದ ಪಂದ್ಯವಿತ್ತು. ನಾಲ್ವರಲ್ಲಿ ಊರಿನ ಹೊರಗಿನವಳು ಶೈಲಶ್ರೀ ಒಬ್ಬಳೇ, ಹೆಣ್ಣುಮಗಳೂ ಅವಳೊಬ್ಬಳೇ. ಹಗಲು ಅಪ್ಪನ ಒಣದ್ರಾಕ್ಷಿ ವ್ಯಾಪಾರದ ಕಾಗದಪತ್ರ ನೋಡುವುದು, ಸಂಜೆ ಮನೆಯಲ್ಲೇ ಲ್ಯಾಪ್‌ಟಾಪ್ ಮುಂದೆ ಕುಳಿತು ಆಡುವುದು. ಆಟದಲ್ಲಿ ಅವಳ ಹೆಸರು ಮಣೂಕ. ಒಣಗಿದ ದ್ರಾಕ್ಷಿಗೆ ನಮ್ಮ ಕಡೆ ಹಾಗೆನ್ನುತ್ತಾರೆ. ಮೊದಲು ಚೇಷ್ಟೆಗೆ ಇಟ್ಟ ಹೆಸರು. ಆಮೇಲೆ ಸೊಲ್ಲಾಪುರ, ಸಾಂಗ್ಲಿಯ ಆಟಗಾರರೂ "ಮಣೂಕ ಬಂದ್ಳು, ಹುಷಾರ್" ಅನ್ನುವಷ್ಟು ಅದಕ್ಕೆ ತೂಕ ಬಂತು. ತಂಡದ ಅಂಗಿ ಬಂದಾಗ ಅವ್ವ ನೀಲಾಬಾಯಿ ಹಾಸಿಗೆಯಲ್ಲಿ ದಿಂಬಿಗೆ ಒರಗಿ ಕುಳಿತು, ಬೆನ್ನಿನ ಮೇಲೆ ಆ ಹೆಸರನ್ನು ಹಳದಿ ದಾರದಲ್ಲಿ ಹೊಲಿದಿದ್ದಳು.

ಈಗ ಆ ಹೆಸರಿಗೆ ಕಳ್ಳಾಟದ ಮಸಿ. ಆಟದ ನಡುವೆ ಲ್ಯಾಗ್ ಸ್ವಿಚ್ ಒತ್ತಿ ತಮ್ಮ ತಂತಿಯನ್ನು ತಾವೇ ಕ್ಷಣಹೊತ್ತು ತುಂಡರಿಸುವ ಮೋಸಗಾರರು ಇರುತ್ತಾರೆ. ಎದುರಿನವರ ಕಣ್ಣಿಗೆ ಅವರು ಕಲ್ಲಿನಂತೆ ನಿಂತುಬಿಡುತ್ತಾರೆ. ಮರುಕ್ಷಣ ಬೆನ್ನ ಹಿಂದೆ ಹುಟ್ಟಿ ಗುಂಡು ಹೊಡೆಯುತ್ತಾರೆ. ಶೈಲಶ್ರೀಯೂ ದೂರಿಗೆ ಕಾರಣವಾದ ಆಟದ ಸಂಜೆ ಹಾಗೆಯೇ ನಿಂತಿದ್ದಳು, ಹಾಗೆಯೇ ಹುಟ್ಟಿದ್ದಳು. ತಾನು ಏನನ್ನೂ ತುಂಡರಿಸಲಿಲ್ಲ ಎಂಬುದು ಅವಳಿಗೆ ಗೊತ್ತಿತ್ತು, ದೇವರಿಗೆ ಗೊತ್ತಿತ್ತು. ಇಬ್ಬರಲ್ಲಿ ಯಾರ ಸಾಕ್ಷಿಯೂ ಪುಣೆಯಲ್ಲಿ ನಡೆಯುವಂತಿರಲಿಲ್ಲ.

ಅವಳು ನಿಂತದ್ದು ಪಿಂಗ್ ಏರಿದ್ದಕ್ಕೆ. ಪಿಂಗ್ ಅಂದರೆ ದೊಡ್ಡ ಮಾತಲ್ಲ. ಬಾವಿಯ ದಂಡೆಗೆ ನಿಂತು "ಓ" ಅಂದರೆ ಕೆಳಗಿನಿಂದ "ಓ" ಬರುತ್ತದಲ್ಲ, ಆ ಎರಡರ ನಡುವಿನ ಹೊತ್ತು. ಇಲ್ಲಿಂದ ಕೂಗಿದ್ದು ಆಟದ ಯಂತ್ರವಿರುವ ಊರಿಗೆ ಮುಟ್ಟಿ ತಿರುಗಿ ಬರಬೇಕು. ಇಪ್ಪತ್ತು ತೋರಿಸಿದರೆ ಕೂಗಿದ ಕೂಡಲೇ ಓಗೊಟ್ಟಂತೆ. ನಾನೂರಾದರೆ ಕರೆದವನು ಮರೆತು ಮನೆಗೆ ಹೋದ ಮೇಲೆ ಉತ್ತರ ಬಂದಂತೆ. ಶೈಲಶ್ರೀಯ ಮನೆಯಲ್ಲಿ ಹಗಲೆಲ್ಲ ಇಪ್ಪತ್ತು. ದೀಪ ಹಚ್ಚುವ ಹೊತ್ತಿಗೆ ನಾನೂರು. ಈ ತ್ರಾಸು ಶುರುವಾಗಿದ್ದು ಶ್ರಾವಣ ಹತ್ತಿದ ಮೇಲೆ.

ಅವಳು ಎಳೆ ಹಿಡಿದು ಹೊರಟಳು. ಮೊದಲು ಮನೆಯೊಳಗೆ. ಸಂಜೆ ಆ ಕೆಟ್ಟ ಹೊತ್ತಿಗೆ ಸರಿಯಾಗಿ ಕುಳಿತು, ಅಟ್ಟದ ಮೇಲಿದ್ದ ಇಂಟರ್ನೆಟ್ ಡಬ್ಬಿಯನ್ನಷ್ಟೇ ಕೂಗಿ ನೋಡಿದಳು. ಒಂದು. ಕಣ್ಣು ಪಿಳುಕಿಸುವುದರೊಳಗೆ ಉತ್ತರ. ಅಂದರೆ ಲ್ಯಾಪ್‌ಟಾಪಿನಿಂದ ಅಟ್ಟದ ತನಕ ದಾರಿ ನೆಟ್ಟಗಿತ್ತು. ಡಬ್ಬಿ ದಾಟಿ ಮುಂದಿನ ನಿಲ್ದಾಣವನ್ನು ಕೂಗಿದಳು. ಮುನ್ನೂರ ಎಂಬತ್ತು. ರೋಗ ಆ ಎರಡರ ನಡುವೆ.

ಪಡಸಾಲೆಯಲ್ಲಿ ಟಿವಿ ನಡೆದಿತ್ತು. ನೀಲಾಬಾಯಿ ಕೈಮುಗಿದುಕೊಂಡೇ ನೋಡುತ್ತಿದ್ದಳು. ಓಣಿಯ ತುದಿಯ ಮಠದಲ್ಲಿ ಸ್ವಾಮಿಗಳಾದ ಅಜ್ಜಾರ ಶ್ರಾವಣದ ಪ್ರವಚನ. ಈ ವರ್ಷ ಅದು ನೇರವಾಗಿ ಟಿವಿಯಲ್ಲೇ ಬರುತ್ತಿತ್ತು. ಹೋದ ವರ್ಷ ಪುಪ್ಪುಸದ ಬೇನೆಯಿಂದ ದವಾಖಾನೆಯಲ್ಲಿ ಮಲಗೆದ್ದ ಮೇಲೆ ನೀಲಾಬಾಯಿಗೆ ಮಠದ ಮೆಟ್ಟಿಲು ಹತ್ತಲು ಉಸಿರು ಸಾಲುತ್ತಿರಲಿಲ್ಲ.

"ಬೇ ಯವ್ವಾ, ಒಂದು ಗಳಿಗಿ ಟಿವಿ ಬಂದ್ ಮಾಡ್ತಿ? ಒಂದು ನೋಡೂದೈತಿ."

"ಅಜ್ಜಾರು ಮಾತಾಡಾಕತ್ತಾರ. ಅವರ ಮಾತು ನಡಕ್ಕ ಕಡದ್ರ ಪಾಪ ನಿನಗ ಬರತೈತಿ ನೋಡು."

"ಬರಲಿ ಬಿಡು. ಈಗ ಬಂದದ್ದರ ಜೋಡಿ ಅದೂ ಒಂದು ಇರಲಿ."

ನೀಲಾಬಾಯಿ ಗೊಣಗುತ್ತ ಬಂದ್ ಮಾಡಿದಳು. ಮನೆಯಲ್ಲಿನ ಎಲ್ಲ ಫೋನುಗಳೂ ಬಂದಾದವು. ಆದರೂ ನಾನೂರು. ಬರುವ ದಾರಿ, ಹೋಗುವ ದಾರಿ ಎರಡನ್ನೂ ಅಳೆದು ನೋಡಿದಳು. ಬರುವ ದಾರಿ ತೆರವು. ಹೋಗುವ ದಾರಿಯಲ್ಲಿ ಕಾಲಿಡಲು ಜಾಗವಿಲ್ಲ. ಮನೆಯಲ್ಲಿ ಯಾರೂ ಏನನ್ನೂ ಕಳಿಸುತ್ತಿಲ್ಲ. ಆದರೂ ಮನೆಯಿಂದ ಏನೋ ಎಡೆಬಿಡದೆ ಹೊರಗೆ ಹೋಗುತ್ತಿದೆ.

ಮರುದಿನ ನಾಸೀರನನ್ನು ಕರೆಸಿದಳು. ತಿಕೋಟಾದ ಅರ್ಧ ಊರಿಗೂ ಬಬಲೇಶ್ವರದ ಕೆಲವು ಓಣಿಗಳಿಗೂ ಇಂಟರ್ನೆಟ್ ತಂತಿ ಎಳೆದವನು ಅವನೇ. ಮಾತಿನ ಮಲ್ಲ, ಆ ದಿನ ಮಾತ್ರ ಬಾಯಿಗೆ ಬೀಗ ಹಾಕಿಕೊಂಡವನಂತಿದ್ದ. ಹೊರಗಿನ ಪೆಟ್ಟಿಗೆ ಬಿಚ್ಚಿದ, ತಂತಿಯ ತುದಿ ಒರೆಸಿದ, ಮೀಟರು ಹಿಡಿದ.

"ತಂತಿಯೊಳಗ ಬೆಳಕು ಚಲೋ ಬರಾಕತ್ತೈತಿ ತಂಗೆವ್ವಾ. ಲೈನ್ ಹಾಲಿನ್ಹಾಂಗ ಐತಿ. ಗಾಳಿಗೆ ಏನರ ಆಗಿರಬೇಕು."

"ಗಾಳಿ ಹಗಲೆಲ್ಲ ಬೀಸತೈತಿ ನಾಸೀರಣ್ಣ. ಸಂಜೀಕಷ್ಟ ಹೆಂಗ ಬರತೈತಿ ನಿನ್ನ ಗಾಳಿ?"

"ಶ್ರಾವಣದ ಗಾಳಿಗೆ ನಾ ಬುದ್ಧಿ ಹೇಳಾಕ ಆಕ್ಕತೇನು?"

"ಅಟ್ಟದ ಮ್ಯಾಲಿನ ಡಬ್ಬಿ ನೋಡೂಣು ನಡಿ."

ನಾಸೀರ ಮೀಟರನ್ನು ಚೀಲಕ್ಕೆ ತುರುಕಿದ. "ಅದನ್ನ ನಾ ನೋಡೇನಿ. ನೀ ಹತ್ತಬ್ಯಾಡ. ಮಣೂಕದ ಮಾಲಿನ ಗಂಧಕದ ಘಾಟು ಐತಿ ಮ್ಯಾಲೆ, ತಲಿ ಹಿಡೀತೈತಿ." ಚಹಾಕ್ಕೂ ನಿಲ್ಲದೆ ಹೋದ. ನಾಸೀರ ಚಹಾ ಬಿಟ್ಟು ಹೋದದ್ದನ್ನು ಆ ಓಣಿ ಅದಕ್ಕೂ ಮೊದಲು ಕಂಡಿರಲಿಲ್ಲ.

ಆಗಲೇ ಅವಳು ಅಟ್ಟ ಹತ್ತಬೇಕಿತ್ತು. ಆದರೆ ನಂಬಿದವರ ಮಾತಿನ ಮೇಲೆ ಸಂಶಯ ಬರಲು ಹೊತ್ತು ಹಿಡಿಯುತ್ತದೆ. ಅವಳು ಲ್ಯಾಪ್‌ಟಾಪನ್ನು ಹೆಗಲಿಗೆ ಹಾಕಿಕೊಂಡು ಬಬಲೇಶ್ವರದ ಬಸ್ಸು ಹತ್ತಿದಳು. ಅಲ್ಲಿ ಅಕ್ಕ ವಿಜಯಲಕ್ಷ್ಮೀಯ ಮನೆ. ಅದೇ ನಾಸೀರನ ತಂತಿ, ಅದೇ ಲ್ಯಾಪ್‌ಟಾಪು, ಅದೇ ಸಂಜೆಯ ಹೊತ್ತು. ಇಪ್ಪತ್ತೆರಡು. ತಂಡದವರ ಜೊತೆ ಅಭ್ಯಾಸಕ್ಕೆ ಕುಳಿತಳು. ಕೈ ಇಟ್ಟಲ್ಲಿ ಗುರಿ. ಅಕ್ಕ ಹಿಟ್ಟಿನ ಕೈಯಲ್ಲೇ ಬಂದು ನಿಂತು, "ಇಷ್ಟ್ಯಾಕ ನಗಾಕತ್ತೀ ಲೇ ಒಬ್ಬಾಕಿನ?" ಅಂದಳು. ಶೈಲಶ್ರೀಗೆ ತಾನು ನಗುತ್ತಿದ್ದದ್ದು ಆಗಲೇ ತಿಳಿದದ್ದು.

ರಾತ್ರಿಯ ಊಟಕ್ಕೆ ಮೊದಲೇ ಮಿಲಿಂದನಿಗೆ ಫೋನ್ ಮಾಡಿದಳು. "ನೋಡಿದಿಲ್ಲ? ದೋಷ ನಂದಲ್ಲ. ನಮ್ಮನೀ ಲೈನಿಂದು."

ಅತ್ತಲಿಂದ ಉತ್ತರ ಬರಲು ನಾನೂರಕ್ಕಿಂತ ಹೆಚ್ಚೇ ಹಿಡಿಯಿತು.

"ಅಕ್ಕನ ಮನ್ಯಾಗ ಚೊಕ್ಕ ಆಡ್ದಿ, ಖರೆ. ಲ್ಯಾಪ್‌ಟಾಪ್ ಅದ ಅದ, ಕಂಪನಿ ಅದ ಅದ. ತ್ರಾಸ ನಿಮ್ಮನ್ಯಾಗ ಮಾತ್ರ. ಹಂಗಾದ್ರ ಸ್ವಿಚ್ ಎಲ್ಲದ ಅಂತ ಅವರು ಕೇಳ್ತಾರ, ನಾ ಏನ್ ಹೇಳ್ಲಿ?"

ತನ್ನನ್ನು ಉಳಿಸಲೆಂದು ಹೊತ್ತುಕೊಂಡು ಹೋದ ಸಾಕ್ಷಿಯೇ ತಿರುಗಿ ನಿಂತು ಅವಳ ಕಡೆ ಬೆರಳು ಮಾಡಿತ್ತು.

ಮರುದಿನ ಸಂಜೆ ಅಪ್ಪ ಶಿವಯೋಗೆಪ್ಪ ಪ್ರವಚನಕ್ಕೆ ಹೋದದ್ದನ್ನು ನೋಡಿ ಅವಳು ಅಟ್ಟದ ಏಣಿ ಹತ್ತಿದಳು. ಒಣದ್ರಾಕ್ಷಿಯ ಪೆಟ್ಟಿಗೆಗಳ ಸಾಲು. ಘಾಟು ಮೂಗಿಗೆ ಹೊಡೆಯಿತು, ನಾಸೀರ ಅದೊಂದು ಸುಳ್ಳು ಹೇಳಿರಲಿಲ್ಲ. ಮೂಲೆಯಲ್ಲಿ ಡಬ್ಬಿ ಹಸಿರು ಕಣ್ಣು ಮಿಟುಕಿಸುತ್ತಿತ್ತು. ಅದರ ಬೆನ್ನಿಗೆ ಚುಚ್ಚಿದ ಬಿಳಿ ತಂತಿ ಅವಳ ಕೋಣೆಯದು. ಅದರ ಪಕ್ಕದಲ್ಲಿ ಒಂದು ಕರಿ ತಂತಿ. ಅದಕ್ಕೆ ಯಾರೋ ಚೂರು ವಿಭೂತಿ ಹಚ್ಚಿದ್ದರು. ಹೊಸ ಎತ್ತಿನ ಹಣೆಗೆ, ಹೊಸ ಪಂಪಿನ ಮೂತಿಗೆ ಅಪ್ಪ ಹಚ್ಚುವಂತೆ.

ಕರಿ ತಂತಿ ಬೆಳಕಿಂಡಿಯಿಂದ ಹೊರಬಿದ್ದು, ಮಾಳಿಗೆಯ ಅಂಚು ಹಿಡಿದು, ನೆರೆಯ ಅಬೇದಾಳ ಮನೆಯ ಬೇವಿನ ಮರವನ್ನು ದಾಟಿ, ಮಠದ ಗೋಡೆಯ ಮೇಲೆ ಇಳಿದಿತ್ತು. ಮಾಳಿಗೆಯ ಮೇಲೆ ನಿಂತರೆ ಮಠದ ಅಂಗಳ ಕಾಣುತ್ತಿತ್ತು. ದೀಪದ ಬೆಳಕಿನಲ್ಲಿ ಅಜ್ಜಾರು ಗದ್ದುಗೆಯ ಮೇಲೆ ಕುಳಿತಿದ್ದರು. ಎದುರಿಗೆ ಮೂರು ಕಾಲಿನ ಮೇಲೆ ಕ್ಯಾಮೆರಾ. ಅದರ ಬುಡಕ್ಕೆ ಹೋಗಿ ನಿಂತಿತ್ತು ತಂತಿ. ಕ್ಯಾಮೆರಾದ ಪಕ್ಕದ ಕಂಬಕ್ಕೆ ಒರಗಿ, ಕಣ್ಣು ಮುಚ್ಚಿ, ಕೈ ಜೋಡಿಸಿಕೊಂಡು ಅವಳ ಅಪ್ಪ ಕುಳಿತಿದ್ದ.

ಅವಳು ಕೆಳಗಿಳಿದು ಲ್ಯಾಪ್‌ಟಾಪನ್ನು ಅಟ್ಟಕ್ಕೆ ತಂದಳು. ಪರದೆಯ ಮೇಲೆ ನಾನೂರರ ಸಾಲು. ಕರಿ ತಂತಿಯನ್ನು ಹಿಡಿದು ಎಳೆದಳು. ನಾನೂರು, ನೂರಾ ಮೂವತ್ತು, ಇಪ್ಪತ್ತು. ಇಪ್ಪತ್ತು. ಇಪ್ಪತ್ತು.

ಕೆಳಗಿನಿಂದ ಅವ್ವನ ದನಿ ಬಂತು. "ಶೈಲಾ, ಅಜ್ಜಾರು ನಿಂತಬಿಟ್ರವಾ. ಬಾಯಿ ತಗದಾರ, ಮಾತು ಬರವಲ್ದು."

ತಂತಿಯನ್ನು ಮತ್ತೆ ಚುಚ್ಚಿದಳು. ಬೆರಳಿಗೆ ವಿಭೂತಿ ಅಂಟಿಕೊಂಡಿತು.

ಶಿವಯೋಗೆಪ್ಪ ಮನೆಗೆ ಬಂದಾಗ ಅವಳು ಬಾಗಿಲಲ್ಲೇ ನಿಂತಿದ್ದಳು. ಅವಳ ಬೆರಳನ್ನು ನೋಡಿದವನೇ ಅವನು ಒಳಗೆ ಬರದೆ ಕಟ್ಟೆಯ ಮೇಲೆ ಕುಳಿತ. ಅವಳೂ ಕುಳಿತಳು. ಒಳಗೆ ನೀಲಾಬಾಯಿಗೆ ಕೇಳದಂತೆ ಇಬ್ಬರ ದನಿಯೂ ತಾನೇ ಇಳಿಯಿತು.

"ಯಪ್ಪಾ, ನನಗ ಯಾಕ ಹೇಳಲಿಲ್ಲ?"

"ಹೇಳಿ ಮಾಡೂದು ದಾನ ಅಲ್ಲವಾ. ನಿಮ್ಮವ್ವ ದವಾಖಾನ್ಯಾಗ ಇದ್ದಾಗ ಅಜ್ಜಾರ ಮುಂದ ಹರಕಿ ಹೊತ್ತೆ. ಆಕಿ ಎದ್ದು ಮನಿಗಿ ಬಂದ್ರ ಬರೂ ಶ್ರಾವಣದಾಗ ಅವರ ಮಾತು ಆಕೀ ಹಾಸಿಗೀತನಾ ತರತೇನಿ, ಆಕಿ ಹಂಗ ಹಾಸಿಗಿ ಹಿಡದ ಎಲ್ಲಾರ ಮನೀತನಾನೂ ಮುಟ್ಟಸ್ತೇನಿ, ಶ್ರಾವಣ ಮುಗಿಯೂತನಾ ಕೊಟ್ಟದ್ದು ಬಾಯಾಗ ತರೂದಿಲ್ಲ ಅಂತ. ನಾಸೀರನ ಕಡಿಂದನೂ ಮಾತು ತಗೊಂಡೇನಿ. ಆಕಿ ಎದ್ದು ಬಂದ್ಳು. ಇನ್ನೇನು ಕೇಳ್ತಿ?"

"ನನ್ನ ಲೈನು ಕೊಟ್ಟೀದಿ ಯಪ್ಪಾ."

"ದೀಪದಿಂದ ದೀಪಾ ಹಚ್ಚಿದ್ರ ಮೊದಲಿನ ದೀಪ ಸಣ್ಣದಾಕ್ಕತೇನವಾ?"

ಅವಳಿಗೆ ಸಿಟ್ಟು ಬರಲಿಲ್ಲ, ಅದೇ ಅವಳಿಗೆ ಆಶ್ಚರ್ಯವಾಯಿತು. "ಇದು ದೀಪ ಅಲ್ಲ. ನಿನ್ನ ತ್ವಾಟದಾಗಿನ ಡ್ರಿಪ್ ಪೈಪು. ಒಂದ ಮೋಟರಿಗಿ ಎರಡು ಲೈನ್ ಹಚ್ಚಿದ್ರ ಕಡೀ ಸಾಲಿನ ಬಳ್ಳಿಗೆ ಏನಾಕ್ಕತೈತಿ ಹೇಳು."

ಜೀವಮಾನವೆಲ್ಲ ದ್ರಾಕ್ಷಿ ಬೆಳೆದವನು ಶಿವಯೋಗೆಪ್ಪ. ಪಕ್ಕದ ತೋಟದವರು ಒಂದು ದಿನದ ಮಟ್ಟಿಗೆ ಪೈಪು ಜೋಡಿಸಲು ಕೇಳಿದರೂ, "ನೀರು ಬೇಕಾದ್ರ ಕೊಡದಾಗ ಒಯ್ಯಿರಿ, ಲೈನಿಗೆ ಕೈ ಹಚ್ಚಬ್ಯಾಡ್ರಿ" ಅಂದವನು. ಅವನ ಕೈ ಸುಮ್ಮನೆ ಕಟ್ಟೆಯ ಕಲ್ಲನ್ನು ಸವರತೊಡಗಿತು.

"ಮಂದಿ ನನ್ನ ಕಳ್ಳಿ ಅನ್ನಾಕತ್ತಾರ. ನೀ ಒಂದು ಮಾತು ಹೇಳಿದ್ರ ಸಾಕು. ಲೈನು ಮಠಕ್ಕ ಕೊಟ್ಟಿತ್ತು ಅಂತ. ಮಿಲಿಂದ ಅದನ್ನ ಮುಂದ ಮುಟ್ಟಸ್ತಾನ. ಮಠದವರನ್ನೂ ಒಂದು ಮಾತು ಕೇಳ್ತಾರ, ಅಷ್ಟ."

"ಕೇಳಿದ್ರ ಊರಿಗೆ ಗೊತ್ತಾತು. ಶ್ರಾವಣ ಮುಗೀಲಿ. ನಾನ ಹೋಗಿ ಹೇಳ್ತೇನಿ."

"ಪುಣೆದಾಗ ಆಟ ರವಿವಾರ. ಶ್ರಾವಣ ಮುಗಿಯೂ ಬೆನಕನ ಅಮಾಸಿ ಸೋಮಾರ."

ಒಳಗೆ ನೀಲಾಬಾಯಿ ಕೆಮ್ಮಿದಳು. ಸಣ್ಣ ಕೆಮ್ಮು, ಗಂಟಲಿಗೆ ಧೂಳು ಹೋದವರು ಕೆಮ್ಮುವಂಥದು. ಶಿವಯೋಗೆಪ್ಪನ ಕೈ ಕಲ್ಲಿನ ಮೇಲೆ ನಿಂತಿತು. ಕೆಮ್ಮು ನಿಲ್ಲುವ ತನಕ ಅವನು ಉಸಿರು ಬಿಡಲಿಲ್ಲ. ಮಗಳೂ ಬಿಡಲಿಲ್ಲ.

"ನಾ ತಪ್ಪು ಮಾಡೇನಿ ಅನಸ್ತೈತಿ," ಅಂದ ಅವನು. "ಆದ್ರ ಕೊಟ್ಟ ಮಾತು ಮುರದು, ಆಕಿಗೇನರ ಆದ್ರ, ಆಮ್ಯಾಲೆ ನೀನೂ ನನ್ನ ಮಾರಿ ನೋಡೂದಿಲ್ಲ, ನಾನೂ ನಿನ್ನ ಮಾರಿ ನೋಡೂದಿಲ್ಲ."

ದೇವರು ಹಾಗೆಲ್ಲ ಲೆಕ್ಕ ಹಿಡಿಯುವವನಲ್ಲ ಎಂದು ಅವಳು ಹೇಳಬಹುದಿತ್ತು. ಹೇಳಿದರೆ ಅಪ್ಪ ಅದಕ್ಕೂ ತಲೆಯಾಡಿಸುತ್ತಿದ್ದ, ಮತ್ತೆ ಒಳಗಿನ ಕೆಮ್ಮಿಗೆ ಕಿವಿಗೊಡುತ್ತಿದ್ದ. ಅಂಜಿಕೆಯಲ್ಲಿ ಹುಟ್ಟಿದ ಭಕ್ತಿಯೂ ಭಕ್ತಿಯೇ. ಅದನ್ನು ಕೈಯಿಂದ ಕಿತ್ತುಕೊಳ್ಳಲು ಅವಳಿಗೆ ಮನಸ್ಸಾಗಲಿಲ್ಲ.

ಮಿಲಿಂದನ ಮುಂದೆ ಅವಳು ಸುಳ್ಳು ಹೇಳಲಿಲ್ಲ. ಸತ್ಯದಲ್ಲಿ ಅರ್ಧವನ್ನೇ ಹೇಳಿದಳು, ಆ ಅರ್ಧ ಸುಳ್ಳಿಗಿಂತ ಕಡೆಯಾಗಿ ಕೇಳಿಸಿತು.

"ನಮ್ಮ ಲೈನಿನ ಮ್ಯಾಲೆ ಇನ್ನೊಂದು ಕಡಿಂದ ವಿಡಿಯೊ ಹೋಗತಿತ್ತು. ಹೋಗೂ ದಾರಿ ತುಂಬಿ ಪಿಂಗ್ ಏರತಿತ್ತು. ತಂತಿ ತಗದು ನೋಡೇನಿ, ಇಪ್ಪತ್ತಕ್ಕ ಇಳೀತು."

"ಭಾಳ ಚಲೋ ಆತಲ್ಲ. ಯಾರ ವಿಡಿಯೊ?"

"ಅದನ್ನ ಹೇಳಾಕ ಬರೂದಿಲ್ಲ."

"ಶೈಲಾ, ಹೆಸರು ಹೇಳು, ನಾ ಈಗಿಂದೀಗ ಅವರಿಗೆ ಬರದು ಕಳಸ್ತೇನಿ."

"ಅಮಾಸಿ ಆದ ಮ್ಯಾಲೆ ಹೇಳ್ತೇನಿ."

ಅವನು ನಕ್ಕ. ಕೆಟ್ಟ ನಗುವಲ್ಲ, ದಣಿದವನ ನಗು. "ಅಮಾಸಿಗೂ ಪಿಂಗಿಗೂ ಏನು ಸಂಬಂಧನೋ ನಂಗ ತಿಳೀಲಿಲ್ಲ. ನಿಂಗ ಹೇಳ್ಳಿಕ್ಕೆ ಬರೂದಿಲ್ಲಾಂದ್ರ, ನಂಗೂ ಅವರ ಮುಂದ ಹೇಳ್ಳಿಕ್ಕೆ ಬರೂದಿಲ್ಲ." ಆಮೇಲೆ, "ಅಂಗಿ ಕಳಸು. ಹೊಸಬಗ ನಿನ್ನ ಅಳತೀನ ಬರ್ತದ. ಹೆಸರು ತಗದು ಕಳಸು," ಅಂದ.

ಅಂಗಿಯನ್ನು ತೊಡೆಯ ಮೇಲೆ ಬೋರಲು ಹಾಕಿಕೊಂಡು ಶೈಲಶ್ರೀ ಅಂಗಳದಲ್ಲಿ ಕುಳಿತಳು. ಅವ್ವ ಗಟ್ಟಿಯಾಗಿ ಹೊಲಿದಿದ್ದಳು. ಪ್ರತಿ ಅಕ್ಷರಕ್ಕೂ ಎರಡೆರಡು ಸುತ್ತು ದಾರ. ಬ್ಲೇಡಿನ ಮೊನೆಯಿಂದ ಒಂದೊಂದು ಹೊಲಿಗೆ ಎಬ್ಬಿಸಿ, ಕತ್ತರಿಸಿ, ಎಳೆದಳು. ಹಳದಿ ದಾರದ ಚೂರುಗಳನ್ನು ಗಾಳಿ ಎತ್ತಿಕೊಂಡು ಹೋಯಿತು. "ಯಾಕವಾ ಬಿಚ್ಚಾಕತ್ತೀ?" ಎಂದು ನೀಲಾಬಾಯಿ ಒಳಗಿನಿಂದ ಕೇಳಿದಳು. "ಅಕ್ಷರ ಸೊಟ್ಟ ಆಗ್ಯಾವು ಬೇ," ಅಂದಳು ಮಗಳು. "ನನ್ನ ಹೊಲಿಗಿ ಸೊಟ್ಟನ?" ಅನ್ನುತ್ತ ಅವ್ವ ಮುನಿಸಿಕೊಂಡು ಮಗ್ಗಲು ಬದಲಿಸಿದಳು. ಕಾಳು ತುಂಬುವ ಹಗೇವಿನ ಕಡೆಯಿಂದ ಬಂದ ಶಿವಯೋಗೆಪ್ಪ ಮಗಳನ್ನೂ ಬ್ಲೇಡನ್ನೂ ನೋಡಿ, ಚಪ್ಪಲಿ ಮೆಟ್ಟಿಕೊಂಡು ತೋಟದ ಕಡೆ ತಿರುಗಿದ. ಆ ದಿನ ಊಟಕ್ಕೆ ಬರಲಿಲ್ಲ.

ಅಂಗಿಯನ್ನು ನಾಸೀರ ವಿಜಯಪುರಕ್ಕೆ ಒಯ್ದ. ಅವನು ಅದನ್ನು ಎರಡೂ ಕೈಯಲ್ಲಿ ಇಸಿದುಕೊಂಡ.

"ನಾ ಮೊದಲ ಫೋನಿನ ಮ್ಯಾಲೆ ತೋರಸ್ತಾರ ಅಂತ ತಿಳದಿದ್ದೆ ತಂಗೆವ್ವಾ. ದೊಡ್ಡ ಕ್ಯಾಮೆರಾ ಆಮ್ಯಾಲೆ ಬಂತು. ನಿಮ್ಮಪ್ಪಗ ಮಾತು ಕೊಟ್ಟಿದ್ದೆ."

"ಗೊತ್ತೈತಿ ನಾಸೀರಣ್ಣ. ಎಲ್ಲಾರೂ ಮಾತು ಉಳಿಸ್ಕೊಂಡ್ರಿ."

ರವಿವಾರ ಸಂಜೆ ಪುಣೆಯಿಂದ ಫೋಟೊ ಬಂತು. ತಂಡಕ್ಕೆ ಮೂರನೆಯ ಸ್ಥಾನ. ಹೊಸ ಹುಡುಗ ಕ್ಯಾಮೆರಾಕ್ಕೆ ಬೆನ್ನು ಮಾಡಿ, ಎರಡೂ ಹೆಬ್ಬೆರಳು ಹಿಂದಕ್ಕೆ ತೋರಿಸುತ್ತಿದ್ದ, ಬೆನ್ನು ಬೋಳಾಗಿತ್ತು. ಪಡಸಾಲೆಯ ಟಿವಿಯಲ್ಲಿ ಅಜ್ಜಾರು, ಈ ಸೇವೆ ನಡೆಸಿಕೊಟ್ಟ ಭಕ್ತರು ತಮ್ಮ ಹೆಸರು ಹೇಳಬಾರದೆಂದಿದ್ದಾರೆ, ಶಿವ ಬಲ್ಲ, ಎನ್ನುತ್ತಿದ್ದರು. ನೀಲಾಬಾಯಿ ಕಣ್ಣು ಒರೆಸಿಕೊಂಡಳು. "ಎಂಥಾ ಪುಣ್ಯವಂತರೋ. ಅವರ ಮಕ್ಕಳು ತಣ್ಣಗಿರಲಿ," ಅಂದಳು. ಶೈಲಶ್ರೀ ಎದ್ದು ಹೋಗಿ ಅವ್ವನ ಗುಳಿಗೆ, ನೀರು ತಂದುಕೊಟ್ಟಳು.

ಅಮಾಸಿಯ ಮರುದಿನ ಬೆಳಿಗ್ಗೆ ಶಿವಯೋಗೆಪ್ಪ ಮಿಂದು, ಪೂಜೆ ಮುಗಿಸಿ, ಮಡಿಚಿಟ್ಟ ಧೋತರ ಉಟ್ಟು, ನಾಸೀರನ ಗಾಡಿಯ ಹಿಂದೆ ಕುಳಿತು ಹೋದ. ಎಲ್ಲಿಗೆ ಎಂದು ಯಾರೂ ಕೇಳಲಿಲ್ಲ. ಸ್ಟೇಷನ್ ರಸ್ತೆಯಲ್ಲಿ ಏನು ನಡೆಯಿತೆಂಬುದನ್ನು ನಾಸೀರ ಆಮೇಲೆ ಹೇಳಿದ. ಬಣ್ಣದ ದೀಪದ ಆ ಅಂಗಡಿಯೊಳಗೆ ಶಿವಯೋಗೆಪ್ಪ ಚಪ್ಪಲಿ ಹೊರಗೆ ಬಿಟ್ಟು ಹೋದನಂತೆ. ಮಿಲಿಂದ ಕುರ್ಚಿ ಕೊಟ್ಟರೂ ಕೂಡಲಿಲ್ಲವಂತೆ. ನಿಂತೇ, "ಲೈನು ನಾ ಮಠಕ್ಕ ಕೊಟ್ಟಿದ್ದೆರಿ. ನನ್ನ ಮಗಳಿಗೆ ಗೊತ್ತಿದ್ದಿಲ್ಲ. ಗೊತ್ತಾದ ಮ್ಯಾಲೂ ನನ್ನ ಸಲುವಾಗಿ ಬಾಯಿ ಬಿಡಲಿಲ್ಲ. ಕಳವು ಆಗೇತಿ ಅಂದ್ರ ಅದು ನಂದು, ಆಕೀದಲ್ಲ," ಅಂದನಂತೆ. ಮಿಲಿಂದ ನೆಲ ನೋಡುತ್ತ, "ಮೊನ್ನೆ ಹೇಳಿದ್ರ ಆಗ್ತಿತ್ತಲ್ರಿ ಕಾಕಾ. ಈಗ ಅವರ ಕಡತಕ್ಕ ಹೋಗಿ ಮುಗದದ. ತಿರಗಿ ಬರದು ಕೇಳ್ತೇನಿ, ಆದ್ರ ಅಳಸ್ತಾರಂತ ಹೇಳಲಾರೆ," ಅಂದು ಒಳಗೆ ಹೋದನಂತೆ.

ಮಧ್ಯಾಹ್ನ ಶಿವಯೋಗೆಪ್ಪ ಮನೆಗೆ ಬಂದಾಗ ಗಾಳಿ ನಿಂತಿತ್ತು. ಮಾಳಿಗೆಯ ಅಂಚಿನಲ್ಲಿ ಕರಿ ತಂತಿ ಇರಲಿಲ್ಲ. ಮನೆಯೊಳಗೆ ಬರುವ ಮೊದಲೇ ಅದನ್ನು ಬಿಚ್ಚಿಸಿ ಸುತ್ತಿ ಮಠಕ್ಕೆ ಕೊಟ್ಟು ಬಂದಿದ್ದರು. ಶೈಲಶ್ರೀ ಬಾಗಿಲ ಬಳಿ ಪೆಟ್ಟಿಗೆಗಳಿಗೆ ಚೀಟಿ ಅಂಟಿಸುತ್ತಿದ್ದಳು. ಒಳಗೆ ನೀಲಾಬಾಯಿ ನಿದ್ದೆಯಲ್ಲಿದ್ದಳು. ಅವಳ ಉಸಿರು ಸಮನಾಗಿ ಕೇಳುತ್ತಿತ್ತು. ಶಿವಯೋಗೆಪ್ಪ ಮೊದಲು ಹೊಸ್ತಿಲಲ್ಲಿ ನಿಂತು ಆ ಉಸಿರನ್ನು ಕೇಳಿಸಿಕೊಂಡ. ಆಮೇಲೆ ಮಗಳ ಎದುರು ಕುಕ್ಕರಗಾಲಿನಲ್ಲಿ ಕುಳಿತು, ಹೆಗಲ ವಸ್ತ್ರದ ಒಳಗಿನಿಂದ, ಮಿಲಿಂದ ತಿರುಗಿ ಕೊಟ್ಟ, ನಾಲ್ಕು ಮಡಿಕೆ ಮಾಡಿದ ಅಂಗಿಯನ್ನು ತೆಗೆದ. ಬೆನ್ನಿನ ಮಗ್ಗಲು ಮೇಲಿತ್ತು. ದಾರ ಹೋದಲ್ಲಿ ಸೂಜಿಯ ತೂತುಗಳು ಸಾಲಾಗಿ ಹಾಗೆಯೇ ಇದ್ದವು. ಬೆರಳಾಡಿಸಿದರೆ ಹೆಸರು ಓದಬಹುದಿತ್ತು. ಅವನು ಎರಡೂ ಕೈಯಿಂದ ಹಿಡಿದು, ಅದನ್ನು ಅವಳ ಕೈಯಲ್ಲಿಟ್ಟ.